ನೆಲಮಾಳಿಗೆಯವರು ಮೇಲೆ ಬಂದದ್ದು

ಮನೆಯಿಂದ,
ಮಾರ್ಚ್ ೧೭, ಭಾನುವಾರ

ಪ್ರೀತಿಯ ತಮ್ಮಾ,

ಮೊದಲ ಪದ ರೂಢಿಯಿಂದ ಬಂದದ್ದು, ಅದರಲ್ಲಿ ಹೆಚ್ಚಿಗೆ ಏನನ್ನೂ ಹುಡುಕಬೇಡ. ನೀನು ಕ್ಷೇಮವಾಗಿದ್ದೀಯ ಎಂದುಕೊಂಡಿದ್ದೇನೆ. ಬೆನ್ನುನೋವು ಹೇಗಿದೆ? ಈಗ ನೀನು ಒದ್ದೆ ಬೆಡ್‌ಶೀಟುಗಳ ಗಂಟು ಎತ್ತುವುದಿಲ್ಲವಾದ್ದರಿಂದ ಕಡಿಮೆಯಾಗಿರಬೇಕು. ಸಾಹೇಬರ ಮುಂದೆ ಬಗ್ಗುವುದಕ್ಕೆ ಬೆನ್ನು ಅಷ್ಟೊಂದು ನೋಯುವುದಿಲ್ಲ ಎಂದು ಕೇಳಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ, ಖಾಲಿ ಹೊಟ್ಟೆಯಲ್ಲಿ ಟೀ ಕುಡಿದರೆ ನಿನಗೆ ಎದೆಯುರಿ ಬರುತ್ತದಂತೆ. ಇದನ್ನು ಬರೆ ಎಂದದ್ದು ಅಮ್ಮ. ನನ್ನನ್ನು ಕೇಳಿದರೆ ನಿನ್ನ ಎದೆ ಒಂದಿಷ್ಟು ಉರಿದರೆ ತಪ್ಪೇನಿಲ್ಲ. ಅಮ್ಮನ ಮಂಡಿನೋವು ಹಾಗೇ ಇದೆ. ಬೆಳಿಗ್ಗೆ ಗೋಡೆ ಹಿಡಿದು ಎದ್ದರೆ ಆಮೇಲೆ ದಿನವೆಲ್ಲ ಓಡಾಡುತ್ತಾಳೆ, ಕೂರು ಎಂದರೆ ಬೈಯುತ್ತಾಳೆ. ಅಕ್ಕ ನನ್ನ ಫೋನು ತೆಗೆಯುವುದಿಲ್ಲ ಎಂದು ನೀನು ಅವಳ ಹತ್ತಿರ ದೂರು ಹೇಳಿದೆಯಂತೆ. ನಿಜ, ತೆಗೆಯುವುದಿಲ್ಲ. ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನನ್ನ ಮಾತನ್ನೇ ತಿರುಗಿಸಿ ಕೊನೆಗೆ ನಾನೇ ತಪ್ಪು ಮಾಡಿದೆನೇನೋ ಎನ್ನುವ ಹಾಗೆ ಮಾಡುತ್ತೀಯ. ಆ ಕಲೆ ನಿನಗೆ ಚಿಕ್ಕಂದಿನಿಂದ ಇದೆ. ಕಾಗದದಲ್ಲಿ ಬಾಯಿ ಹಾಕುವುದಕ್ಕೆ ಆಗುವುದಿಲ್ಲ. ಆದ್ದರಿಂದ ಕೂತು ಓದು.

ಇಲ್ಲಿ ನಡೆದದ್ದನ್ನೆಲ್ಲ ನೀನು ಸೆಂಟು ಸಾಹೇಬನ ಬಾಯಿಂದ ಕೇಳಿರುತ್ತೀಯ. ನಮ್ಮ ಹೋಟೆಲಿನ ಮ್ಯಾನೇಜರಿಗೆ ಆ ಹೆಸರಿಟ್ಟವನು ನೀನೇ. ಮನುಷ್ಯ ಬರುವ ಮೊದಲೇ ವಾಸನೆ ಬಂದು ಹಾಜರಿ ಹಾಕುತ್ತದೆ ಎಂದು ಹೇಳಿ ಇಡೀ ಲಾಂಡ್ರಿಯನ್ನು ನಗಿಸಿದ್ದೆ. ಈಗ ಅವರನ್ನು ಏನೆಂದು ಕರೆಯುತ್ತೀಯೋ ತಿಳಿಯದು, ಬಹುವಚನದಲ್ಲೇ ಕರೆಯುತ್ತಿರಬೇಕು. ಅವನ ಬಾಯಲ್ಲಿ ಕಥೆ ಬೇರೆಯೇ ಆಗಿರುತ್ತದೆ. ನಾನು ನಡೆದ ಹಾಗೆ ಬರೆಯುತ್ತೇನೆ, ನೀನು ಹೋದ ದಿನದಿಂದಲೇ ಶುರು ಮಾಡುತ್ತೇನೆ.

ಆ ಭಾನುವಾರ ದರ್ಜಿಯ ಶೆಡ್ಡಿನಲ್ಲಿ ಸಭೆ ಎಂದು ಎಲ್ಲರಿಗೂ ಹೇಳಿದ್ದವನು ನೀನು. ತಿಂಗಳುಗಟ್ಟಲೆ ಊಟದ ಹೊತ್ತಿನಲ್ಲಿ ಸೋಪಿನ ಡ್ರಮ್ಮು ಬೋರಲು ಹಾಕಿ ಅದರ ಮೇಲೆ ನಿಂತು, ಸಂಘ ಕಟ್ಟಿದರೆ ಹಾಗಾಗುತ್ತದೆ ಹೀಗಾಗುತ್ತದೆ ಎಂದು ಹೇಳಿ ಹೇಳಿ, ಯಾರ ಗೊಡವೆಗೂ ಹೋಗದ ಹೆಂಗಸರಲ್ಲಿ ಕೂಡ ಆಸೆ ಹುಟ್ಟಿಸಿದವನು ನೀನು. ಎಷ್ಟು ಚೆನ್ನಾಗಿ ಮಾತಾಡುತ್ತಿದ್ದೆ. ಇಸ್ತ್ರಿ ಯಂತ್ರದ ಮುಂದೆ ನಿಂತ ನನಗೆ, ಇವನು ನನ್ನ ತಮ್ಮ ಎಂದು ಹೆಮ್ಮೆಯಿಂದ ಬೆನ್ನು ನೆಟ್ಟಗಾಗುತ್ತಿತ್ತು. ಅವತ್ತು ಮನೆಯಿಂದ ಹೊರಡುವಾಗ ನೀನು ಅಂದದ್ದು, "ನೀನು ಮುಂದೆ ಹೋಗಿರು ಅಕ್ಕಾ, ನಾನು ಬರ್ತೀನಿ." ನಾನು ಹೋದೆ. ಶೆಡ್ಡಿನ ತುಂಬ ಜನ ಬಂದಿದ್ದರು. ಕೆಲವರು ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದರು, ಇನ್ನು ಕೆಲವರು ಗಂಡಂದಿರಿಗೆ ಸುಳ್ಳು ಹೇಳಿ ಬಂದಿದ್ದರು. ಎಲ್ಲಿ ಅವನು ಎಂದು ಕೇಳಿದವರಿಗೆಲ್ಲ ನಾನು, "ಬರ್ತಾನೆ, ದಾರಿಯಲ್ಲಿದ್ದಾನೆ" ಎಂದೆ. ಒಂದು ಲೆಕ್ಕದಲ್ಲಿ ಸುಳ್ಳಲ್ಲ, ದಾರಿಯಲ್ಲೇ ಇದ್ದೆ. ಅಪ್ಪನ ಸೂಟ್‌ಕೇಸನ್ನು ಕಾಲ ಹತ್ತಿರ ಇಟ್ಟುಕೊಂಡು, ಕಂಪನಿಯ ಇನ್ನೊಂದು ಹೋಟೆಲಿಗೆ ಸೂಪರ್‌ವೈಸರ್ ಆಗಿ ಹೋಗುತ್ತ ಬಸ್ಸಿನಲ್ಲಿ ಕೂತಿದ್ದೆ. ನಾನು ಕತ್ತಲಾಗುವ ತನಕ ನಿನ್ನ ಪರವಾಗಿ ಮಾತಾಡುತ್ತ ನಿಂತಿದ್ದೆ. ಜನ ಒಬ್ಬೊಬ್ಬರೇ ಎದ್ದು ಹೋದರು. ಕೊನೆಗೆ ದರ್ಜಿ, ದೀಪ ಆರಿಸಲೇನಮ್ಮ ಎಂದು ಮೆಲ್ಲಗೆ ಕೇಳಿದ.

ನೀನು ಮಾರಿಕೊಂಡದ್ದು ನಿನ್ನನ್ನು ಮಾತ್ರ ಎಂದು ತಿಳಿದಿದ್ದರೆ ತಪ್ಪು. ಮಾರನೆಯ ದಿನದಿಂದ ನಾನು ಯಾರ ಪಕ್ಕ ಹೋದರೂ ಮಾತು ನಿಲ್ಲುತ್ತಿತ್ತು. ಬಟ್ಟೆ ಬದಲಾಯಿಸುವ ಕೋಣೆಯ ಬೆಂಚಿನಲ್ಲಿ ನಾನು ಕೂತರೆ ಪಕ್ಕದವಳಿಗೆ ತಕ್ಷಣ ಏನೋ ಕೆಲಸ ನೆನಪಾಗುತ್ತಿತ್ತು. ಊಟದ ಡಬ್ಬಿ ಬಿಚ್ಚಿದರೆ ನನ್ನ ಸುತ್ತ ಖಾಲಿ ಜಾಗ. ಬಟ್ಟೆ ಮಡಚುವ ಮೇಜಿನ ದೊಡ್ಡಕ್ಕ, ಇಡೀ ಲಾಂಡ್ರಿಗೆ ಹಿರಿಯಳು, ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸುಟ್ಟ ಬೆರಳಿಗೆ ತಣ್ಣೀರು ಹಾಕಿ ಊದಿದವಳು, ಅವಳು ಕೂಡ ನನ್ನ ಕೈಯಿಂದ ಬಟ್ಟೆ ತೆಗೆದುಕೊಳ್ಳುವಾಗ ಮುಖ ನೋಡುತ್ತಿರಲಿಲ್ಲ. ಒಮ್ಮೆ ನಾನೇ ತಡೆಯಲಾರದೆ, ನಾನೇನು ಮಾಡಿದೆ ದೊಡ್ಡಕ್ಕ ಎಂದು ಕೇಳಿದೆ. ಅವಳು, "ಏನೂ ಮಾಡಿಲ್ಲ ಬಿಡು. ಒಂದೇ ಮನೆಯ ನೀರು ಕುಡಿದವರಲ್ವಾ ಅಂತ ಹೆದರಿಕೆ, ಅಷ್ಟೇ" ಎಂದು ಬೆಡ್‌ಶೀಟು ಕೊಡವಿದಳು. ಅವಳ ಜಾಗದಲ್ಲಿದ್ದರೆ ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ.

ಅದರ ಮೇಲೆ ಸೆಂಟು ಸಾಹೇಬ ನನ್ನನ್ನು ಕರೆಸಿದ. ಕುರ್ಚಿ ತೋರಿಸಿ, ಕೂತ್ಕೊಳ್ಳಮ್ಮ ಎಂದ. ಅಷ್ಟು ವರ್ಷಗಳಲ್ಲಿ ಆ ಕೋಣೆಯಲ್ಲಿ ನನಗೆ ಕುರ್ಚಿ ಕಂಡದ್ದು ಅದೇ ಮೊದಲು. ನಿನ್ನನ್ನು ಬಹಳ ಹೊಗಳಿದ. ನಿನ್ನ ತಮ್ಮ ಬುದ್ಧಿವಂತ, ಬೇಗ ಮೇಲೆ ಬರ್ತಾನೆ ಎಂದ. ನೀನು ಅವನ ಮುಂದೆ ಕೂತು ಹಲ್ಲು ಕಿರಿದಿರಬಹುದಾದ ದೃಶ್ಯ ನನ್ನ ಕಣ್ಣಿಗೆ ಕಟ್ಟಿತು. ನಿನ್ನ ಹಾಗೆಯೇ ನನಗೂ ಒಂದು ಒಳ್ಳೆಯ ಜಾಗ ಇದೆಯಂತೆ, ಮೇಲಿನ ಮಹಡಿಯ ಸ್ಟೋರಿನಲ್ಲಿ, ಕಿಟಕಿ ಇರುವ ಕೋಣೆ, ಕೂತು ಮಾಡುವ ಕೆಲಸ. ಕೆಳಗೆ ಯಾರು ಯಾರ ಜೊತೆ ಏನು ಗುಸುಗುಸು ಮಾಡುತ್ತಾರೆ ಎಂದು ಆಗಾಗ ಬಂದು ಹೇಳಿದರೆ ಸಾಕಂತೆ. ನಾನು, "ಮಷೀನಿನ ಸದ್ದಿಗೆ ಕಿವಿ ಮಂದ ಆಗಿದೆ ಸಾರ್, ಸ್ವಲ್ಪ ಜೋರಾಗಿ ಹೇಳಿ" ಎಂದೆ. ಅವನು ಸ್ವಲ್ಪ ಜೋರಾಗಿ ಹೇಳಿದ. ನಾನು ಕಿವಿಗೆ ಕೈ ಹಚ್ಚಿ ಮುಂದೆ ಬಗ್ಗಿದೆ. ಕೊನೆಗೆ ಆ ಮೂರ್ಖ, "ಸಂಘದ ಮಾತು ಯಾರು ಯಾರು ಆಡ್ತಾರೆ ಬಂದು ಹೇಳು ಅಂದೆ" ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಹೊರಗೆ ಟೈಪು ಮಾಡುತ್ತಿದ್ದ ಹೆಂಗಸು ಕೆಲಸ ನಿಲ್ಲಿಸಿದಳು. ಈಗ ಕೇಳಿಸಿತು ಸಾರ್, ಆದರೆ ಮೇಲಿನ ಮಹಡಿಗೆ ಹತ್ತುವಷ್ಟು ಕಾಲಲ್ಲಿ ಶಕ್ತಿ ಇಲ್ಲ ಎಂದು ಹೇಳಿ ಎದ್ದು ಬಂದೆ. ಮನಸ್ಸಿಗೆ ಹಿತವಾಯಿತು, ಆದರೆ ಪ್ರಯೋಜನವಾಗಲಿಲ್ಲ. ನಾನು ಆ ಕೋಣೆಯಿಂದ ಹೊರಗೆ ಬಂದದ್ದನ್ನು ಕಂಡವರಿದ್ದರು, ಒಳಗೆ ಏನು ನಡೆಯಿತೆಂದು ನಮ್ಮವರಲ್ಲಿ ಕಂಡವರಿರಲಿಲ್ಲ. ಅವತ್ತಿನಿಂದ ನನಗೆ ಅಕ್ಕಪಕ್ಕದವರ ಎರಡು ಮಾತು ಸಿಗುವುದೂ ನಿಂತಿತು.

ಹೀಗಿರುವಾಗ ಒಂದು ಮಂಗಳವಾರ ಮಧ್ಯಾಹ್ನ ಆ ಪೈಪು ಒಡೆಯಿತು. ದೊಡ್ಡ ಇಸ್ತ್ರಿ ಯಂತ್ರದ ಮೇಲೆ ಹಾದುಹೋಗುವ ಹಬೆಯ ಪೈಪು, ಗೋಣಿ ಸುತ್ತಿ ತಂತಿ ಕಟ್ಟಿದ್ದದ್ದು, ನಿನಗೆ ನೆನಪಿರಬೇಕು. ಅದರ ಕೀಲು ಕಿತ್ತುಕೊಂಡು ಹಬೆ ನೇರವಾಗಿ ಗುಂಗುರು ಕೂದಲಿನವಳ ಮೇಲೆ ಬಂತು. ನಿನ್ನ ಭಾಷಣಕ್ಕೆಲ್ಲ ಮೊದಲು ಚಪ್ಪಾಳೆ ತಟ್ಟುತ್ತಿದ್ದವಳು ಅವಳೇ. ತೋಳು, ಕುತ್ತಿಗೆ, ಕಿವಿಯ ಹಿಂದೆ, ಎಲ್ಲ ಕಡೆ ಚರ್ಮ ಎದ್ದುಬಂತು. ಅವಳನ್ನು ಎಳೆದು ಈಚೆಗೆ ತರುವಷ್ಟರಲ್ಲಿ ಇಡೀ ನೆಲಮಾಳಿಗೆ ಬಿಳಿಯಾಯಿತು, ಚಾಚಿದ ಕೈ ಕಾಣಿಸದು, ಉಸಿರೆಳೆದರೆ ಗಂಟಲು ಸುಡುತ್ತಿತ್ತು. ಬಾಗಿಲಿಗೆ ಓಡಿದೆವು. ಬೀಗ. ಟವೆಲುಗಳು ತಾವಾಗಿ ನಡೆದು ಹೊರಗೆ ಹೋಗುತ್ತವೆ ಎಂದು ಹೆದರಿ ಹೊರಗಿನಿಂದ ಬೀಗ ಹಾಕುತ್ತಾರಲ್ಲ, ಅದೇ ಬೀಗ. ಕೀಲಿ ಇದ್ದದ್ದು ಸೀಟಿ ಊದುವ ಸೂಪರ್‌ವೈಸರನ ಜೇಬಿನಲ್ಲಿ. ಅವನು ಟೀ ಕುಡಿಯಲು ಮೇಲೆ ಹೋಗಿದ್ದ. ನಾವು ಬಡಿದೆವು, ಕೂಗಿದೆವು. ಗೋಡೆಯ ಫೋನು ಎತ್ತಿದರೆ ರಿಂಗಾಗುತ್ತಲೇ ಇತ್ತು, ಯಾರೂ ತೆಗೆಯಲಿಲ್ಲ. ಹಿಂದಿನವರು ಮುಂದಿನವರ ಮೇಲೆ ಬೀಳತೊಡಗಿದರು. ಆಗ ನನಗೆ ತೋಚಿದ್ದು ಟ್ರಾಲಿ. ಒದ್ದೆ ಬೆಡ್‌ಶೀಟು ತುಂಬಿದ ಟ್ರಾಲಿ ಎಷ್ಟು ಭಾರ ಎಂದು ನಿನ್ನ ಬೆನ್ನಿಗೇ ಗೊತ್ತು. ಎಲ್ಲರೂ ದಾರಿ ಬಿಡಿ ಎಂದು ಕಿರುಚಿ ಅದನ್ನು ಹಿಡಿದು ತಳ್ಳಿದೆ. ಒಬ್ಬಳಿಂದ ಆಗಲಿಲ್ಲ. ಹಬೆಯೊಳಗಿಂದ ಇನ್ನೆರಡು ಕೈ ಬಂದು ನನ್ನ ಕೈಗಳ ಪಕ್ಕ ಟ್ರಾಲಿ ಹಿಡಿದವು. ಅದು ದೊಡ್ಡಕ್ಕ. ಹಿಂದಕ್ಕೆ ಎಳೆದು ಗುದ್ದಿದೆವು, ಮತ್ತೆ ಎಳೆದು ಗುದ್ದಿದೆವು. ಕೊನೆಗೆ ಬಾಗಿಲು ಚೌಕಟ್ಟಿನ ಸಮೇತ ಗೋಡೆಯಿಂದ ಕಳಚಿ ಬಿತ್ತು. ಬೀಗ ಮಾತ್ರ ಹಾಗೇ ಇತ್ತು, ಒಂದು ಗೀರೂ ಬಿದ್ದಿರಲಿಲ್ಲ. ಕಂಪನಿಯವರು ಬೀಗಕ್ಕೆ ದುಡ್ಡು ಹಾಕುತ್ತಾರೆ, ಗೋಡೆಗೆ ಹಾಕುವುದಿಲ್ಲ.

ಹಿಂಬದಿಯ ಸಾಮಾನಿನ ಗೇಟಿಗೂ ಬೀಗ ಇದ್ದುದರಿಂದ, ಗುಂಗುರಿನವಳನ್ನು ರಸ್ತೆಗೆ ಒಯ್ಯಲು ಉಳಿದದ್ದು ಒಂದೇ ದಾರಿ, ಲಾಬಿ. ಮೆಟ್ಟಿಲು ಹತ್ತಿ, ಆ ಗಾಜಿನ ಬಾಗಿಲು ತಳ್ಳಿ, ನಾವೆಲ್ಲ ಒಳಗೆ ಬಂದೆವು. ನೀನು ಅದನ್ನು ನೋಡಬೇಕಿತ್ತು. ಕನ್ನಡಿಯಂಥ ನೆಲದ ಮೇಲೆ ಬರಿಗಾಲಿನ, ನೆನೆದ, ಕೆಂಪು ಮುಖದ ಹೆಂಗಸರು, ಮಧ್ಯೆ ಬೆಡ್‌ಶೀಟಿನಲ್ಲಿ ಎತ್ತಿಕೊಂಡ ಒಬ್ಬಳು. ಸೋಫಾದ ಮೇಲಿದ್ದ ಒಬ್ಬ ಶ್ರೀಮಂತ ಹೆಂಗಸು ನಮ್ಮ ನೀರು ತಾಗೀತೆಂದು ಕಾಲು ಮೇಲೆತ್ತಿಕೊಂಡಳು. ಸೆಂಟು ಸಾಹೇಬ ಓಡಿ ಬಂದ. ಅವನ ಬಾಯಿಂದ ಬಂದ ಮೊದಲ ಮಾತು, "ಹಿಂದಿನಿಂದ ಹೋಗಿ, ಹಿಂದಿನಿಂದ." ಬಾಗಿಲ ಮುಂದೆ ಯಾರೋ ಅತಿಥಿಗೆಂದು ಹೋಟೆಲಿನ ಕಾರು ನಿಂತಿತ್ತು. ಸೀಟು ಹಾಳಾಗುತ್ತದೆ, ಆಟೋ ಕರೆಸುತ್ತೇನೆ ಎಂದು ಅವನು ಅಡ್ಡ ನಿಂತ. ಕಾರಿನ ಡ್ರೈವರು ಯಾರನ್ನೂ ಕೇಳದೆ ಇಳಿದು ಬಂದು ಹಿಂದಿನ ಬಾಗಿಲು ತೆಗೆದು, "ಮಲಗಿಸಿ" ಎಂದಷ್ಟೇ ಹೇಳಿದ. ಆ ಕಟ್ಟಡದಲ್ಲಿ ಅವತ್ತು ನಾನು ಕಂಡ ಗಂಡಸು ಅವನೊಬ್ಬನೇ.

ಕಾರು ಹೋಯಿತು. ನಿಜ ಹೇಳುತ್ತೇನೆ, ಅಲ್ಲಿಗೆ ನಾವು ಸುಮ್ಮನೆ ಕೆಳಗೆ ಇಳಿದು ನೆಲ ಒರೆಸುತ್ತಿದ್ದೆವೋ ಏನೋ, ಅಷ್ಟು ಅಭ್ಯಾಸವಾಗಿದೆ. ಆದರೆ ಸೆಂಟು ಸಾಹೇಬನಿಗೆ ಬಾಯಿ ಮುಚ್ಚಿಕೊಂಡು ಇದ್ದು ಗೊತ್ತಿಲ್ಲ. "ಆಯ್ತಲ್ಲ, ಈಗ ಎಲ್ಲ ಕೆಳಗೆ ಹೋಗಿ. ಅತಿಥಿಗಳಿಗೆ ಮುಜುಗರ ಆಗ್ತಿದೆ" ಎಂದ. ದೊಡ್ಡಕ್ಕ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. "ಕೆಳಗೆ ಈಗ ಬಾಗಿಲು ಇಲ್ಲವಲ್ಲ ಸಾರ್. ನಾವು ಓಡಿ ಹೋದರೆ ನಿಮಗೆ ಕಷ್ಟ. ಇಲ್ಲೇ ಇರ್ತೀವಿ, ನಿಮ್ಮ ಕಣ್ಣೆದುರಿಗೆ" ಎಂದು ಹೇಳಿ ಹೋಗಿ ಆ ದೊಡ್ಡ ಸೋಫಾದ ಮೇಲೆ ಕೂತಳು. ಅವಳ ಪಕ್ಕ ಇನ್ನೊಬ್ಬಳು, ಆಮೇಲೆ ಮತ್ತೊಬ್ಬಳು. ಸೋಫಾ ತುಂಬಿದ ಮೇಲೆ ಕೆಳಗೆ ರತ್ನಗಂಬಳಿಯ ಮೇಲೆ ಕೂತರು. ಆ ಸೋಫಾದ ಕವರುಗಳನ್ನು ತೊಳೆದು ತೊಳೆದು ನಮ್ಮ ಉಗುರು ಸವೆದಿದೆ, ಒಬ್ಬಳೂ ಅದರ ಮೇಲೆ ಕೂತವಳಲ್ಲ. ದೊಡ್ಡಕ್ಕ ಅದನ್ನು ಅಂಗೈಯಲ್ಲಿ ಒತ್ತಿ ಒತ್ತಿ ನೋಡುತ್ತಿದ್ದಳು. ಸೀಟಿಯವನು ಟೀ ಲೋಟ ಹಿಡಿದುಕೊಂಡು ಬಂದು, ಪರಿಸ್ಥಿತಿ ನೋಡಿ, ಅಭ್ಯಾಸ ಬಲದಿಂದ ಸೀಟಿ ಊದಿದ. ಅದಕ್ಕೆ ಯಾರೂ ಮೈ ಕೂಡ ಅಲ್ಲಾಡಿಸಲಿಲ್ಲ. ನಾನು ಮಾತ್ರ ಕಂಬದ ಹತ್ತಿರ ನಿಂತಿದ್ದೆ. ನನಗೆ ಯಾರೂ ಜಾಗ ಬಿಟ್ಟಿರಲಿಲ್ಲ, ಕೇಳುವಷ್ಟು ಧೈರ್ಯ ನನಗೂ ಇರಲಿಲ್ಲ.

ಮಾಲೀಕ ಬಂದ. ಮದುವೆ ಮನೆಗೆ ಬಂದವನಂತೆ ಕೈ ಮುಗಿಯುತ್ತ ಬಂದು, ನಾವೆಲ್ಲ ಒಂದೇ ಕುಟುಂಬ, ನೀವು ನನ್ನ ಅಕ್ಕತಂಗಿಯರು, ಮನೆಯ ಮಾತು ಬೀದಿಗೆ ಬರಬಾರದು ಎಂದು ಶುರು ಮಾಡಿದ. ಕಣ್ಣಲ್ಲಿ ನೀರೂ ತಂದುಕೊಂಡ, ಅಷ್ಟು ಓದಿದ್ದಕ್ಕೆ ಅದೊಂದು ವಿದ್ಯೆ ಬಂದಿದೆ. ದೊಡ್ಡಕ್ಕ, "ಒಂದೇ ಮನೆ ಅಂದಮೇಲೆ ಮನೆಯ ಕೀಲಿ ನಮ್ಮ ಹತ್ತಿರವೂ ಇರಲಿ" ಎಂದಳು. ಬೀಗ ಇರಬಾರದು, ಪೈಪು ಹೊಸದಾಗಬೇಕು, ಗುಂಗುರಿನವಳ ಆಸ್ಪತ್ರೆ ಖರ್ಚು ಕಂಪನಿಯದು, ಇದೆಲ್ಲ ಸಹಿ ಹಾಕಿ ಬರೆದು ಕೊಡಿ ಎಂದು ಹೆಂಗಸರು ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಆಗ ಸೆಂಟು ಸಾಹೇಬನಿಗೆ ನೀನು ನೆನಪಾದೆ. ಫೋನು ಹಚ್ಚಿ, ಸ್ಪೀಕರ್ ಹಾಕಿ, "ನಿಮ್ಮ ನಾಯಕನೇ ಮಾತಾಡ್ತಾನೆ, ಕೇಳಿ" ಎಂದು ಅದನ್ನು ತಂದು ನನ್ನ ಕೈಯಲ್ಲಿಟ್ಟ.

ನೀನು ಅಂದದ್ದು ನಿನಗೆ ಮರೆತುಹೋಗಿದ್ದರೆ ಇಗೋ. "ಅಕ್ಕಾ, ನಾನು. ಸಾಹೇಬರು ಎಲ್ಲ ಹೇಳಿದರು. ಚಿಕ್ಕ ವಿಷಯ ದೊಡ್ಡದು ಮಾಡಬೇಡಿ. ಎಲ್ಲರನ್ನೂ ಕರ್ಕೊಂಡು ಕೆಳಗೆ ಹೋಗು. ನಾನು ಇಲ್ಲಿಂದ ಮಾತಾಡಿ ಏನಾದರೂ ಮಾಡಿಸ್ತೀನಿ." ಯಾರಿಗೆ ಸುಟ್ಟಿತು, ಎಷ್ಟು ಸುಟ್ಟಿತು, ಅಕ್ಕ ನಿನಗೇನಾದರೂ ಆಯಿತಾ, ಒಂದು ಮಾತು ಕೇಳಲಿಲ್ಲ. ನಿನ್ನ ದನಿ ಕೇಳಿದ ಮೊದಲ ಗಳಿಗೆ ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ರಕ್ತಕ್ಕೆ ನಾಚಿಕೆ ಇರುವುದಿಲ್ಲ. ಆಮೇಲೆ ನೋಡಿದರೆ ಲಾಬಿಯ ಅಷ್ಟೂ ಕಣ್ಣುಗಳು ನನ್ನ ಮೇಲಿದ್ದವು, ದೊಡ್ಡಕ್ಕನವೂ. ಅಕ್ಕಾ, ಕೇಳಿಸ್ತಾ ಎಂದು ನೀನು ಮತ್ತೆ ಕೇಳಿದೆ. ನಾನು, "ರಾಂಗ್ ನಂಬರ್" ಎಂದು ಹೇಳಿ ಫೋನು ಕತ್ತರಿಸಿ ಸೆಂಟು ಸಾಹೇಬನ ಕೈಗೆ ಕೊಟ್ಟೆ. ಆಮೇಲೆ ಎಲ್ಲಿಂದಲೋ ಒಬ್ಬಳು ಕಿಸಕ್ಕೆಂದಳು, ನೋಡುವಷ್ಟರಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ರಿಸೆಪ್ಷನ್ನಿನ ಹುಡುಗಿಯರು ಮೇಜಿನ ಹಿಂದೆ ಬಗ್ಗಿ ನಕ್ಕರು. ದೊಡ್ಡಕ್ಕ ನಗಲಿಲ್ಲ. ಸೋಫಾದ ಮೇಲೆ ಸ್ವಲ್ಪ ಸರಿದು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿ, "ಬಾ, ಎಷ್ಟು ಹೊತ್ತು ನಿಂತಿರ್ತೀಯಾ" ಎಂದಳು. ನಾನು ಹೋಗಿ ಕೂತೆ. ಆಗ ನನಗೆ ಅಳು ಬಂತು. ಅದು ನಿನಗಾಗಿ ಎಂದು ತಿಳಿಯಬೇಡ.

ಸಂಜೆಯೊಳಗೆ ಸಹಿ ಹಾಕಿ ಕೊಟ್ಟರು. ಅಷ್ಟಕ್ಕೇ ಎಲ್ಲ ಹಸನಾಯಿತೆಂದಲ್ಲ. ಮಾರನೆಯ ದಿನವೇ ಬಾಗಿಲು ಮುರಿದ ತಪ್ಪಿಗೆಂದು ದೊಡ್ಡಕ್ಕನನ್ನೂ ನನ್ನನ್ನೂ ಕೆಲಸದಿಂದ ನಿಲ್ಲಿಸಿದರು. ಉಳಿದವರು ಯಂತ್ರ ಮುಟ್ಟಲಿಲ್ಲ. ಮೇಲೆ ಕೋಣೆಗಳಲ್ಲಿ ಬೆಡ್‌ಶೀಟು ಇಲ್ಲ, ಟವೆಲು ಇಲ್ಲ, ಸ್ನಾನ ಮಾಡಿ ನಿಂತ ದೊಡ್ಡ ಮನುಷ್ಯರು ಒದ್ದೆ ಮೈಯಲ್ಲಿ ಫೋನು ಮಾಡಿ ಬೈಯುತ್ತಿದ್ದರಂತೆ. ಆ ಬೈಗುಳ ಮುಗಿಯುವ ಮೊದಲೇ ನಮ್ಮಿಬ್ಬರನ್ನೂ ವಾಪಸು ಕರೆದರು. ಆ ವಾರದ ಭಾನುವಾರ ದರ್ಜಿಯ ಶೆಡ್ಡಿನಲ್ಲಿ ನಿಲ್ಲಲು ಜಾಗ ಇರಲಿಲ್ಲ. ಸಂಘ ಆಯಿತು. ದೊಡ್ಡಕ್ಕ ಅಧ್ಯಕ್ಷೆ. ಭಾಷಣ ಮಾಡು ಎಂದರೆ, "ನನಗೆ ಭಾಷಣ ಬರಲ್ಲ, ಓಡಿಹೋಗೋದೂ ಬರಲ್ಲ" ಎಂದಳು. ಅದು ಯಾರಿಗೆ ತಾಗಬೇಕಿತ್ತೋ ಅವನು ಅಲ್ಲಿರಲಿಲ್ಲ. ನನ್ನನ್ನು ಕಾರ್ಯದರ್ಶಿ ಮಾಡಬೇಕೆಂದು ಒಬ್ಬಿಬ್ಬರು ಹೇಳಿದರು, ಬೇಡವೆಂದವರೂ ಇದ್ದರು. ಅವರಿಗೆ ಇನ್ನೂ ಅನುಮಾನ, ಇರಲಿ. ನಾನು ಬರೀ ಸದಸ್ಯೆ. ಗುಂಗುರಿನವಳು ಮನೆಗೆ ಬಂದಿದ್ದಾಳೆ. ಕುತ್ತಿಗೆ ವಾಸಿಯಾಗುತ್ತಿದೆ, ಬಲಗೈ ಬೆರಳು ಇನ್ನೂ ಮಡಚಲು ಬರುವುದಿಲ್ಲ. ನೋಡಲು ಹೋದಾಗ, ನಿನ್ನ ತಮ್ಮ ನನ್ನ ವಿಷಯ ಏನಾದರೂ ಕೇಳಿದನಾ ಎಂದಳು. ಕೇಳಿದ ಎಂದೆ. ನಿನಗಾಗಿ ನಾನು ಹೇಳುವ ಸುಳ್ಳುಗಳಲ್ಲಿ ಅದು ಕೊನೆಯದು.

ಅಮ್ಮನಿಗೆ ಈ ಕಾಗದದಲ್ಲಿ ಏನಿದೆ ಎಂದು ಗೊತ್ತಿಲ್ಲ. ನೀನು ಬಡ್ತಿ ಸಿಕ್ಕಿ ಹೋದೆ ಎಂದೇ ನಂಬಿದ್ದಾಳೆ, ಬೀದಿಯವರಿಗೆಲ್ಲ ಹಾಗೆಯೇ ಹೇಳುತ್ತಾಳೆ. ಏನು ಬರೆಯಲಿ ಎಂದು ಕೇಳಿದರೆ, ಚೆನ್ನಾಗಿರಲಿ, ಒಳ್ಳೆಯ ಹೆಸರು ತೆಗೆಯಲಿ ಎಂದಳು. ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ. ನಾನು ನನ್ನ ಕಡೆಯಿಂದ ಏನೂ ಸೇರಿಸಿಲ್ಲ.

ಇಂತಿ,
ಬೇರೆ ದಾರಿಯಿಲ್ಲದೆ ಇನ್ನೂ ನಿನ್ನ ಅಕ್ಕ

ಮರೆತಿದ್ದೆ. ರಾತ್ರಿ ಕಾಗದ ಮಡಚಿದವಳು ಸೋಮವಾರ ಬೆಳಿಗ್ಗೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಟಪಾಲು ತೆಗೆಯುವ ಹೊತ್ತಾಯಿತು. ನಿನ್ನ ಕೈಕೆಳಗಿನ ಇಬ್ಬರು ಹೆಂಗಸರು ಮೊನ್ನೆ ಬಸ್ಸು ಹತ್ತಿ ದೊಡ್ಡಕ್ಕನನ್ನು ಹುಡುಕಿಕೊಂಡು ಬಂದಿದ್ದರು. ಯಾರೆಂದು ಹೇಳುವುದಿಲ್ಲ, ಹುಡುಕುವ ಶ್ರಮ ಪಡಬೇಡ. ಅಲ್ಲಿಯೂ ಹೊರಗಿನಿಂದ ಬೀಗ ಹಾಕುತ್ತಾರಂತೆ. ದಿನಾ ಹಾಕುವವನು ನೀನೇ ಅಂತೆ. ಮುಂದಿನ ಭಾನುವಾರ ನಾವು ಅಲ್ಲಿಗೆ ಬರುತ್ತಿದ್ದೇವೆ, ಮಾತಾಡಬೇಕಾದವಳು ನಾನು ಎಂದು ತೀರ್ಮಾನವಾಗಿದೆ. ಅಮ್ಮನೂ ಬರುತ್ತೇನೆಂದು ಹೊರಟಿದ್ದಾಳೆ, ಮಗನ ಕೆಲಸದ ಜಾಗ ನೋಡಬೇಕಂತೆ. ಅಷ್ಟರೊಳಗೆ ಆ ಬೀಗವನ್ನು ನೀನೇ ತೆಗೆದರೆ, ಅವಳಿಗೆ ನಾನು ಏನನ್ನೂ ಹೇಳಬೇಕಾಗುವುದಿಲ್ಲ.